ಗುರುತಿಲ್ಲದ ಗೂಳಿ

ನಷ್ಟವನ್ನು ತಡೆಯಲು ತಾವೇನು ಕ್ರಮ ಕೈಗೊಂಡಿರಿ ಎಂಬ ಪ್ರಶ್ನೆಗೆ ‘ಕೈ ಮುಗಿದೆ’ ಎಂದು ಬರೆಯಬಹುದೋ ಇಲ್ಲವೋ ತಿಳಿಯದೆ ಶಿವಯೋಗೆಪ್ಪ ಪೆನ್ನನ್ನು ಹಾಳೆಯ ಮೇಲೆ ಎತ್ತಿ ಹಿಡಿದುಕೊಂಡೇ ಕುಳಿತಿದ್ದ. ವಿಜಯಪುರದ ಆ ವಿಮಾ ಕಚೇರಿಯ ಕಿಟಕಿಗಾಜಿಗೆ ಬಿಸಿಲು ತಡೆಯಲೆಂದು ಹಳದಿ ಹಾಳೆ ಅಂಟಿಸಿದ್ದರು. ಬೆಳಗಿನ ಬೆಳಕು ಅದರೊಳಗಿಂದ ಹಾದು ಬಂದು ಅಲ್ಲಿದ್ದವರೆಲ್ಲರಿಗೂ ಒಟ್ಟಿಗೇ ಕಾಮಾಲೆಯಾದಂತೆ ಕಾಣುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಚೇತನಕುಮಾರ ಮೊಬೈಲಿನಲ್ಲಿ ಯಾರಿಗೋ ಹೊಸ ಪಾಲಿಸಿಯ ಲಾಭ ವಿವರಿಸುತ್ತಿದ್ದ. ಅವನು ಶಿವಯೋಗೆಪ್ಪನ ಹೆಂಡತಿ ಅಕ್ಕನಾಗಮ್ಮನ ತಂಗಿಯ ಮಗ, ಬಬಲೇಶ್ವರದವನು. ಹತ್ತಿರದ ನೆಂಟರಿಗೆಲ್ಲ ವಿಮೆ ಮಾಡಿಸಿ ಮುಗಿಸಿ ಈಗ ದೂರದವರ ಕಡೆಗೆ ತಿರುಗಿದ್ದ. ಸಾವು, ಬೆಂಕಿ, ಕಳವು ಎಂಬ ಮಾತುಗಳನ್ನು ಮದುವೆಯ ಊಟಕ್ಕೆ ಕರೆಯುವವನ ದನಿಯಲ್ಲಿ ಆಡುವುದು ಅವನಿಗೆ ರೂಢಿಯಾಗಿತ್ತು. ಮೊಬೈಲನ್ನು ಕಿವಿಗೇ ಹಿಡಿದುಕೊಂಡು ಇತ್ತ ಬಗ್ಗಿ ನೋಡಿ, ಅದಕ್ಕೆ ಅಷ್ಟು ವಿಚಾರ ಮಾಡುವುದೇನಿದೆ, ‘ಓಡಿಸಲು ಪ್ರಯತ್ನಿಸಿದೆ’ ಎಂದು ಬರೆದರೆ ಸಾಕು ಎಂದ. ಓಡಿಸಲು ಪ್ರಯತ್ನಿಸಿದೆ. ಶಿವಯೋಗೆಪ್ಪ ತನ್ನ ಕೈಗಳನ್ನು ನೋಡಿಕೊಂಡ. ಆ ಹೊತ್ತಿನಲ್ಲಿ ಈ ಕೈಗಳು ಎಷ್ಟು ಗಟ್ಟಿಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವೆಂದರೆ ಅವನ್ನು ಬಿಡಿಸಲು ಇನ್ನೊಬ್ಬರು ಬೇಕಾಗಿತ್ತು. ಅವುಗಳ ನಡುವೆ ಒಂದು ಬೆಲ್ಲದ ಚೂರೂ ಇತ್ತು. ಅದಕ್ಕೆ ಈ ಹಾಳೆಯಲ್ಲಿ ಎಲ್ಲಿಯೂ ಜಾಗವಿರಲಿಲ್ಲ.

ಬಿಜ್ಜರಗಿಯ ಊರ ಮುಂದಿನ ದಾರಿಯಲ್ಲಿ ಪ್ರತಿ ವರ್ಷ ಶಿವರಾತ್ರಿ ಕಳೆದ ಮೇಲೆ ಶ್ರೀಶೈಲಕ್ಕೆ ನಡೆದುಹೋಗುವವರು ಹಾಯುತ್ತಾರೆ. ಅಕ್ಕನಾಗಮ್ಮ ಬೇವಿನ ಗಿಡದ ಬುಡದಲ್ಲಿ ಗಡಿಗೆ ಇಟ್ಟುಕೊಂಡು ಅವರಿಗೆಲ್ಲ ಮಜ್ಜಿಗೆ ಕೊಡುತ್ತಾಳೆ. ಕೊಡುವಾಗ ಅವಳು ಯಾರ ಮುಖವನ್ನೂ ನೋಡುವುದಿಲ್ಲ, ಕಾಲುಗಳನ್ನು ನೋಡುತ್ತಾಳೆ ಎಂಬುದು ಶಿವಯೋಗೆಪ್ಪನ ಗಮನಕ್ಕೆ ಬಂದದ್ದು ಹೋದ ವರ್ಷ. ಬೊಬ್ಬೆ ಎದ್ದ ಕಾಲು, ಬಟ್ಟೆ ಸುತ್ತಿಕೊಂಡ ಕಾಲು, ಧೂಳಿನಲ್ಲಿ ಬೂದಿಬಣ್ಣವಾದ ಕಾಲು. ಮನೆಗೆ ಬಂದು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಅವಳು, "ಈ ಕಾಲ ಇರೂತನಾ ಶ್ರೀಶೈಲ ಮಲ್ಲಯ್ಯ ನನಗ ದೂರದವನರಿ," ಎಂದಿದ್ದಳು. ದೂರಿದ್ದಲ್ಲ, ಇಂದು ಗಾಳಿ ಪಶ್ಚಿಮಕ್ಕಿದೆ ಎನ್ನುವಂತೆ ಹೇಳಿದ್ದಳು. ಅದಕ್ಕೇ ಅದು ಅವನೊಳಗೆ ಹೋಗಿ ಕುಳಿತಿತು. ಒಣದ್ರಾಕ್ಷಿ ವ್ಯಾಪಾರದಲ್ಲಿ ಕೈಗೆ ಬಿಡುವಾದಾಗ ತನ್ನ ಟ್ರ್ಯಾಕ್ಟರಿನ ಟ್ರೇಲರನ್ನು ಎಳೆದುಕೊಂಡು ವಿಜಯಪುರದ ಜೋರಾಪುರ ಪೇಟೆಗೆ ಹೋಗಿ, ಅಲ್ಲಿಯ ಕುತುಬುದ್ದೀನನಿಗೆ, ಇದರ ಮೇಲೊಂದು ಮನೆ ಕಟ್ಟಿಕೊಡು ಎಂದಿದ್ದ. ಕುತುಬುದ್ದೀನ ಕಬ್ಬಿಣ ಬೆಸೆಯುವವನು. ಎಷ್ಟು ಮಂದಿಗೆ ಎಂದು ಕೇಳಿದ. ಒಬ್ಬಾಕಿಗೆ ಎಂದಾಗ ನಗಲಿಲ್ಲ. ಮಲಗಲು ಹಲಗೆ, ಒಲೆಯ ಕಟ್ಟೆ, ಕಿಟಕಿ, ಹತ್ತಿ ಇಳಿಯಲು ಗಿಡ್ಡ ಗಿಡ್ಡ ಮೆಟ್ಟಿಲು, ಅದಕ್ಕೆ ಹಿಡಿಕೆ. ತಗಡಿಗೆ ಆಕಾಶದ ಬಣ್ಣ. ನಡೆಯುವವರ ಹಿಂದೆ ಅವರಷ್ಟೇ ನಿಧಾನವಾಗಿ ಇದು ಹೋಗಬೇಕು, ಅಕ್ಕನಾಗಮ್ಮ ಒಳಗೆ ಕುಳಿತು ಅವರಿಗೆ ರೊಟ್ಟಿ ಬಡಿಯಬೇಕು. ಊರವರು ಅದನ್ನು ಗಾಲಿಮನಿ ಎಂದರು. ಹೊರಡುವ ದಿನ ಗೊತ್ತಾಗಿತ್ತು. ಅಕ್ಕನಾಗಮ್ಮ ದಿನಕ್ಕೊಮ್ಮೆ ಒಳಗೆ ಹತ್ತಿ, ಏನೂ ಕೆಲಸವಿಲ್ಲದೆ ಕಿಟಕಿಯ ಹತ್ತಿರ ಕುಳಿತು ಇಳಿದು ಬರತೊಡಗಿದ್ದಳು.

ಕೌಂಟರಿನ ಹಿಂದಿನ ಗುಮಾಸ್ತ ಕರೆದು, ಗಾಲಿಮನೆ ಕೆಡವಿದ ಗೂಳಿಯ ಮಾಲಕರ ಹೆಸರು ಬರೆದಿಲ್ಲವಲ್ಲ ಎಂದು ಹಾಳೆಯನ್ನು ವಾಪಸು ತಳ್ಳಿದ. ಮಾಲಕ ಮಲ್ಲಯ್ಯ ಎಂದು ಶಿವಯೋಗೆಪ್ಪ ಹೇಳಿದ. ಅಡ್ಡಹೆಸರು ಎಂದು ಗುಮಾಸ್ತ ಕೇಳಿದ. ಅದು ಮಲ್ಲಯ್ಯನ ಗುಡಿಗೆ ಬಿಟ್ಟ ಬಸವಣ್ಣ, ಅದಕ್ಕೆ ಮನೆಯಿಲ್ಲ, ಊರೇ ಮನೆ, ಯಾರ ಹೊಲಕ್ಕೆ ಹೋಗಿ ತಿಂದರೂ ಹೊಲದವರು ಪುಣ್ಯವೆಂದುಕೊಳ್ಳುತ್ತಾರೆ, ಅದರ ಮೇಲೆ ಬಡಿಗೆ ಎತ್ತಿದವರು ನಮ್ಮಲ್ಲಿ ಯಾರೂ ಇಲ್ಲ ಎಂದು ವಿವರಿಸುವಾಗ ತನ್ನ ದನಿ ಸಣ್ಣದಾಗುತ್ತಿರುವುದು ಅವನಿಗೇ ಕೇಳಿಸಿತು. ಗುಮಾಸ್ತ ಕನಿಕರದಿಂದ ಕೇಳಿಸಿಕೊಂಡ. ಅವನ ಮೇಜಿನ ಮೇಲೂ ಸಣ್ಣದೊಂದು ಶಿವಲಿಂಗದ ಚಿತ್ರವಿತ್ತು, ಅದಕ್ಕೆ ಬೆಳಿಗ್ಗೆ ಏರಿಸಿದ ಹೂವಿತ್ತು. ಮಾಲಕರು ಇದ್ದರೆ ಅವರ ಹೇಳಿಕೆ ಮತ್ತು ಸಹಿ ಬೇಕು ಎಂದು ಅವನು ಆ ಹೂವನ್ನು ನೇರ ಮಾಡುತ್ತ ಹೇಳಿದ.

ಸಹಿಗಾಗಿ ಶಿವಯೋಗೆಪ್ಪ ಅಲೆದಿರಲಿಲ್ಲವೆಂದಲ್ಲ. ಗುಡಿಯ ಪೂಜಾರಿ ಬಸಲಿಂಗಯ್ಯ ಗರ್ಭಗುಡಿಯ ಹೊಸ್ತಿಲಲ್ಲಿ ಕುಳಿತು ಎಲ್ಲವನ್ನೂ ಶಾಂತವಾಗಿ ಕೇಳಿ, ಬಸವಣ್ಣ ಮಲ್ಲಯ್ಯನದೇ ಖರೆ, ಆದರೆ ಅದು ಮಾಡಿದ್ದಕ್ಕೆ ಮಲ್ಲಯ್ಯ ಹೇಗೆ ಸಹಿ ಮಾಡುತ್ತಾನೆ, ಅವನ ಪರವಾಗಿ ತಾನು ಮಾಡಿದರೆ ನಾಳೆ ಕೋರ್ಟಿಗೆ ಹೋಗುವವರು ಯಾರು ಎಂದು ಕೇಳಿ, ತೀರ್ಥ ಕೊಟ್ಟು ಕಳಿಸಿದ್ದ. ಪಂಚಾಯಿತಿಯವರು ಗೂಳಿ ತಮ್ಮ ದಫ್ತರದಲ್ಲಿಲ್ಲ ಎಂದಿದ್ದರು. ಠಾಣೆಯಲ್ಲಿ ಪೇದೆಯೊಬ್ಬ ಅರ್ಜಿ ಬರೆದುಕೊಳ್ಳಲು ಕುಳಿತು ಆರೋಪಿಯ ಹೆಸರು, ತಂದೆಯ ಹೆಸರು ಎಂದು ಕೇಳುತ್ತ ಹೋಗಿ, ಬಸವಣ್ಣ ಎಂದು ಬರೆದಾದ ಮೇಲೆ ಒಮ್ಮೆಲೆ ತಲೆ ಎತ್ತಿ ಯಾವ ಬಸವಣ್ಣ ಎಂದ. ತಿಳಿದ ಮೇಲೆ ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟು, ತನಗೂ ಮಕ್ಕಳು ಮರಿಗಳಿದ್ದಾವೆ, ದೇವರ ಮೇಲೆ ಕೇಸು ಬರೆಯಲು ಹಚ್ಚಬೇಡಿರಿ ಎಂದು ಬೇಡಿಕೊಂಡಿದ್ದ. ಆಗ ಶಿವಯೋಗೆಪ್ಪನೇ ಅವನಿಗೆ ಸಮಾಧಾನ ಹೇಳಬೇಕಾಯಿತು.

ಗಾಲಿಮನೆ ಬಿದ್ದ ದಿನ ಸೋಮವಾರವಾಗಿತ್ತು. ಪ್ರತಿ ಸೋಮವಾರ ಹೊತ್ತು ಇಳಿಯುವಾಗ ಶಿವಯೋಗೆಪ್ಪ ಮನೆಯ ಕಟ್ಟೆಯ ಮೇಲೆ ಕುಳಿತಿರುತ್ತಾನೆ; ಬಸವಣ್ಣ ಬರುತ್ತದೆ; ಅವನು ಬೆಲ್ಲ ಕೊಡುತ್ತಾನೆ; ಅದು ಅವನ ಅಂಗೈಯನ್ನು ನೆಕ್ಕಿ, ನೆಕ್ಕಿದ್ದು ಸಾಲದೆಂದು ನೆಹರೂ ಶರ್ಟಿನ ಕಿಸೆಗೆ ಮೂತಿ ಹಚ್ಚಿ, ಒಮ್ಮೆ ಬುಸ್ಸೆಂದು ಉಸಿರು ಬಿಟ್ಟು ಹೋಗುತ್ತದೆ. ಆ ಉಸಿರು ತಾಗಿದಾಗ ಅವನಿಗೆ, ಯಾರೋ ತನ್ನ ಹೆಸರು ಕೇಳದೆಯೇ ತನ್ನನ್ನು ಬಲ್ಲರು ಎನಿಸುತ್ತದೆ. ಆದರೆ ಅಂದು ಅವನು ಕಟ್ಟೆಯ ಮೇಲಿರಲಿಲ್ಲ. ಟಿಕೋಟಾದಿಂದ ಇಬ್ಬರು ವ್ಯಾಪಾರಸ್ಥರು ಗಾಲಿಮನೆ ನೋಡಲು ಬಂದಿದ್ದರು. ಅವನು ಒಳಗೆ ನಿಂತು ಕಿಟಕಿಯ ಪರದೆಯನ್ನು ಎಳೆದು ತೋರಿಸಿದ, ಬಿಟ್ಟು ತೋರಿಸಿದ, ಮತ್ತೆ ಎಳೆದ. ಪರದೆಯ ಅಂಚಿಗೆ ಅಕ್ಕನಾಗಮ್ಮ ಹಾಕಿದ ಕಸೂತಿಯನ್ನು ಅವರು ಹೊಗಳಿದಾಗ ತಾನೇ ಹಾಕಿದಂತೆ ಹಿಗ್ಗಿದ. ಪ್ರಯಾಣಕ್ಕೆಂದು ತಂದ ಬೆಲ್ಲದ ಪೆಂಟೆ ಹಲಗೆಯ ಕೆಳಗಿತ್ತು. ಬಸವಣ್ಣ ಕಟ್ಟೆಗೆ ಬಂದು, ಖಾಲಿ ಕಟ್ಟೆಯನ್ನು ಮೂಸಿ, ಸ್ವಲ್ಪ ಹೊತ್ತು ನಿಂತು, ಆಮೇಲೆ ಬೆಲ್ಲದ ವಾಸನೆ ಹಿಡಿದು ಬಂದಿರಬೇಕು. ವ್ಯಾಪಾರಸ್ಥರನ್ನು ಕಳಿಸಿ ಅವನು ಒಂದು ಚೂರು ಬೆಲ್ಲ ಹಿಡಿದು ಕೆಳಗಿಳಿದಾಗ ಅದು ತಗಡಿನ ಗೋಡೆಗೆ ಹಣೆ ಹಚ್ಚಿ ನಿಂತಿತ್ತು. ಟ್ರ್ಯಾಕ್ಟರ್ ಬಿಚ್ಚಿ ಟ್ರೇಲರಿನ ಮೂತಿಯನ್ನು ಒಂದು ಕಲ್ಲಿನ ಮೇಲೆ ಆನಿಸಿ ಇಟ್ಟಿದ್ದರು. ಕೂಗಬಹುದಿತ್ತು. ಬೇಲಿಯ ಬಡಿಗೆ ಕೈಯಳತೆಯಲ್ಲೇ ಇತ್ತು. ಬೆಲ್ಲವನ್ನಾದರೂ ಮುಂದೆ ಹಿಡಿಯಬಹುದಿತ್ತು. ತಾನು ಮರೆತಿದ್ದೇನೆ, ಅದು ಕೇಳಲು ಬಂದಿದೆ ಎಂಬುದಷ್ಟೇ ಹೊಳೆದು, ಅವನ ಕೈಗಳು ತಾವಾಗಿ ಮುಗಿದುಕೊಂಡವು. ಬಸವಣ್ಣ ಒತ್ತಿತು. ಕಲ್ಲು ಸರಿಯಿತು. ಆಕಾಶದ ಬಣ್ಣದ ಮನೆ ನಿಧಾನವಾಗಿ, ನಿದ್ದೆ ಬಂದವರು ಒರಗುವಂತೆ, ಎಡಕ್ಕೆ ಒರಗಿ ಚರಂಡಿಗೆ ಬಿತ್ತು. ಎತ್ತಿ ನಿಲ್ಲಿಸಿದ ಮೇಲೆ ನೋಡಿದರೆ ಅಚ್ಚು ಬಾಗಿತ್ತು. ಗೋಡೆಯಲ್ಲಿ ಒಂದು ಅಗಲವಾದ ಹಣೆ ಮೂಡಿತ್ತು, ಅದರ ಎರಡೂ ಬದಿಗೆ ಕೊಂಬಿನ ಗೀರು.

ಕುತುಬುದ್ದೀನ ಬಂದು ನೋಡಿ, ಈಗಲೂ ಓಡುತ್ತದೆ, ಆದರೆ ಶ್ರೀಶೈಲ ಮುಟ್ಟುವವರೆಗೂ ಎಡಕ್ಕೆ ಎಳೆಯುತ್ತಲೇ ಇರುತ್ತದೆ ಎಂದಿದ್ದ. ಹೊಸ ಅಚ್ಚಿಗೆ ವಿಮೆಯೇ ಗತಿ. ಒಣದ್ರಾಕ್ಷಿಯೆಲ್ಲ ಮಾರಾಟವಾಗದೆ ಇನ್ನೂ ಶೆಡ್ಡಿನಲ್ಲಿತ್ತು. ಹೊರಡುವ ದಿನ ಹತ್ತಿರವಾಗುತ್ತಿತ್ತು. ಅಕ್ಕನಾಗಮ್ಮ ಎಂದಿನಂತೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡಳು. ಒಳಗೆ ಹತ್ತಿ ಕುಳಿತುಕೊಳ್ಳುವುದನ್ನು ಮಾತ್ರ ಬಿಟ್ಟಿದ್ದಳು.

ಚೇತನಕುಮಾರ ಮೊಬೈಲನ್ನು ಕಿಸೆಗಿಟ್ಟು ಅವನನ್ನು ವರಾಂಡಕ್ಕೆ ಕರೆದೊಯ್ದ. "ನೋಡ್ರಿ ದೊಡ್ಡಪ್ಪಾ, ಮಾಲಕ ಅದಾನ ಅಂದ್ರ ನೂರಾ ಎಂಟು ಕೇಳ್ತಾರ. ಗುರುತಿಲ್ಲದ ಗೂಳಿ ಅಂತ ಬರದ್ರ ಇವತ್ತ ಸರ್ವೇಯರ್ ಬಂದು ನೋಡಿ ಹೋಗ್ತಾರ, ಕೆಲಸ ಮುಗೀತು."

"ಹೆಂಗ ಬರೀಲೋ ತಮ್ಮಾ. ಗುರುತೈತಲ್ಲ."

"ಅದರಾಗ ಸುಳ್ಳೇನೈತ್ರಿ? ದೇವರನ್ನ ಪೂರಾ ಗುರುತು ಹಿಡದವ್ರು ಯಾರರೆ ಅದಾರೇನು?"

ಈ ಮಾತು ಯಾವುದೋ ಮಠದ ಕಟ್ಟೆಯಲ್ಲಿ ಕೇಳಿದ್ದರೆ ಶಿವಯೋಗೆಪ್ಪ ತಲೆದೂಗುತ್ತಿದ್ದ. ಇಲ್ಲಿ, ಚಹದ ಖಾಲಿ ಕಪ್ಪುಗಳು ಬಿದ್ದ ಈ ವರಾಂಡದಲ್ಲಿ, ಅದು ನಿಜವೂ ಆಗಿ ಹೊಲಸೂ ಆಗಿ ಕಂಡಿತು. ಅವನ ಕಣ್ಣ ಮುಂದೆ ಎಣ್ಣೆ ಹಚ್ಚಿದ ಮೊಣಕಾಲೊಂದು ಬಂದು ನಿಂತಿತು. ಒಳಗೆ ಹೋಗಿ, ದುಂಡಗಿನ ಅಕ್ಷರದಲ್ಲಿ, ಸದರಿ ಗೂಳಿಯ ಗುರುತು ನನಗಿಲ್ಲ ಎಂದು ಬರೆದ. ಸಹಿ ಮಾಡುವಾಗ ಶಿವಯೋಗೆಪ್ಪ ಎಂಬುದರಲ್ಲಿಯ ಶಿವ ಮೊದಲು ಬಂದಿತು. ಉಳಿದ ಅಕ್ಷರಗಳನ್ನು ಅವಸರದಿಂದ ಬರೆದು ಮುಗಿಸಿದ.

ಮಧ್ಯಾಹ್ನ ಇಳಿದ ಮೇಲೆ ಹೊರಟಾಗ, ನಷ್ಟ ಅಂದಾಜು ಮಾಡುವ ಸರ್ವೇಯರ್ ಗಂಡಸು ಎಂದುಕೊಂಡಿದ್ದ ಶಿವಯೋಗೆಪ್ಪನಿಗೆ ಕಾರಿನ ಬಾಗಿಲು ತೆರೆದುಕೊಟ್ಟವಳು ಸಾಯಿರಾ ಎಂಬ, ಅವನ ತಂಗಿಯ ಮಗಳ ವಯಸ್ಸಿನ ಹೆಣ್ಣುಮಗಳು. ಅವಳೇ ಗಾಡಿ ನಡೆಸುತ್ತಿದ್ದಳು. ಚೇತನಕುಮಾರ ಹಿಂದೆ ಕುಳಿತು ನಿದ್ದೆ ಹೋದ. ಟಿಕೋಟಾ ದಾಟುವವರೆಗೆ ಅವಳು ದ್ರಾಕ್ಷಿಯ ಬಗ್ಗೆ, ಈ ಸಲದ ಬಿಸಿಲಿನ ಬಗ್ಗೆ, ತನ್ನ ಅಜ್ಜಿಯ ಮೊಣಕಾಲಿನ ಬಗ್ಗೆ ಮಾತಾಡಿದಳು. ಅವಳು ಒರಟಾಗಿದ್ದರೆ ಚೆನ್ನಾಗಿತ್ತು ಎಂದು ಶಿವಯೋಗೆಪ್ಪನಿಗೆ ಅನಿಸಿತು. ಒರಟರ ಮುಂದೆ ಸುಳ್ಳು ಹೇಳುವುದು ಹಗುರ. ಆಗಲೇ ಅವನಿಗೆ ತೊಡೆಗೆ ಏನೋ ಒತ್ತಿದಂತಾಗಿ, ಕಿಸೆಯಲ್ಲಿ ಬೆಲ್ಲವಿದೆಯೆಂಬುದು ನೆನಪಾಯಿತು. ಇವತ್ತೂ ಸೋಮವಾರ. ಬೆಳಿಗ್ಗೆ ಮನೆ ಬಿಡುವಾಗ ಕೈ ತನ್ನಷ್ಟಕ್ಕೆ ಬೆಲ್ಲವನ್ನು ಕಿಸೆಗೆ ಹಾಕಿಕೊಂಡಿತ್ತು. ಹೊರಗೆ ಎಸೆಯಬಹುದಿತ್ತು, ಕಿಟಕಿಯ ಗಾಜು ಇಳಿಸುವುದು ಹೇಗೆಂದು ಕೇಳಲು ನಾಚಿಕೆಯಾಯಿತು. ಅವನು ಕಣ್ಣು ಮುಚ್ಚಿ, ಹುಟ್ಟಿದಾಗಿನಿಂದ ಬೇಡದಂಥದೊಂದನ್ನು ಬೇಡಿಕೊಂಡ. ಮಲ್ಲಯ್ಯಾ, ಇವತ್ತೊಂದು ದಿನ ಬರಬೇಡ. ಬೇಡಿಕೊಂಡ ಮೇಲೆ, ಬರಬೇಡವೆಂದು ಬೇಡಿದ್ದು ಬರುವವನನ್ನೇ ಅಲ್ಲವೇ ಎಂಬ ಗೊಂದಲ ಹುಟ್ಟಿ, ಬೇಡಿಕೆ ಎಲ್ಲಿಗೂ ಹೋಗದೆ ಕಾರಿನೊಳಗೇ ಉಳಿಯಿತು.

ಅವರು ಊರು ಮುಟ್ಟುವಷ್ಟರಲ್ಲಿ ಹೊತ್ತು ಇಳಿಯುತ್ತಿತ್ತು, ಗಾಲಿಮನೆಯ ಸುತ್ತ ಮಂದಿ ನೆರೆದಿದ್ದರು. ಸಾಯಿರಾ ಗೋಡೆಯ ಮುಂದೆ ಬಂದು ನಿಂತಳು. ತಗ್ಗು ಬಿದ್ದ ತಗಡಿಗೆ ಮೂರು ಪಟ್ಟೆ ವಿಭೂತಿ ಬಳಿದಿದ್ದರು, ನಡುವೆ ಕುಂಕುಮ, ಮೇಲೊಂದು ಚೆಂಡುಹೂವಿನ ಮಾಲೆ. ಕೆಳಗೆ ಒಡೆದ ತೆಂಗಿನಕಾಯಿಯ ಹೋಳುಗಳಿದ್ದವು. ಬಸವಣ್ಣನ ಹಣೆ ಮೂಡಿದ ಸುದ್ದಿ ಹರಡಿ, ಹೆಣ್ಣುಮಕ್ಕಳು ಬೆಳಿಗ್ಗೆ ಸಂಜೆ ಬಂದು ಕಾಯಿ ಒಡೆಸಿಕೊಂಡು ಹೋಗುತ್ತಿದ್ದರು. ಬಸಲಿಂಗಯ್ಯನೇ ಬಂದು ಒಡೆಯುತ್ತಿದ್ದ. ಜಖಮು ಸರಿಯಾಗಿ ಕಾಣಬೇಕು, ಸ್ವಲ್ಪ ಒರೆಸುತ್ತೀರಾ ಎಂದು ಸಾಯಿರಾ ಕೇಳಿದಳು. ಯಾರೂ ಅಲುಗಲಿಲ್ಲ. ಅವಳು ತಾನೇ ಒರೆಸಲೂ ಇಲ್ಲ. ಹೂವು ವಿಭೂತಿ ಸಮೇತ ಫೋಟೋ ತೆಗೆದುಕೊಂಡಳು. ತೆಗೆಯುವ ಮೊದಲು ಚಪ್ಪಲಿ ಕಳಚಿ ಪಕ್ಕಕ್ಕಿಟ್ಟಳು. ಆಮೇಲೆ ಹಾಳೆ ತೆರೆದು, ಗೂಳಿಯ ಗುರುತಿಲ್ಲ ಎಂದು ಬರೆದಿದ್ದೀರಿ, ಹೊರಗಿನಿಂದ ಬಂದದ್ದೇ ಎಂದು ಕೇಳಿದಳು. ಶಿವಯೋಗೆಪ್ಪ ಹೌದೆಂಬಂತೆ ಗೋಣು ಹಾಕಿದ. ಅಷ್ಟು ಮಂದಿಯೂ ಅದನ್ನು ನೋಡಿದರು. ಅವರು ತನಗಾಗಿ ಸುಮ್ಮನಿದ್ದಾರೆ, ನಾಳೆ ಇದನ್ನು ನೆನಪಿಟ್ಟುಕೊಂಡೂ ಸುಮ್ಮನಿರುತ್ತಾರೆ ಎಂಬುದು ಅವನ ಬೆನ್ನ ಮೇಲೆ ಬಿಸಿಲಿನಂತೆ ಬಿದ್ದಿತು. ಬಾಗಿಲಲ್ಲಿ ಅಕ್ಕನಾಗಮ್ಮ ನಿಂತಿದ್ದಳು. ಅವಳು ಅವನ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು.

ಮಂದಿ ಎರಡಾಗಿ ಸರಿದು ದಾರಿ ಬಿಟ್ಟಾಗ ಅವನಿಗೆ ತಿರುಗಿ ನೋಡುವ ಅಗತ್ಯವಿರಲಿಲ್ಲ. ಬಸವಣ್ಣ ಅವಸರವಿಲ್ಲದೆ ಬಂದಿತು. ಮೊದಲು ಕಟ್ಟೆಗೆ ಹೋಗಿ ಮೂಸಿತು. ಅಲ್ಲಿಲ್ಲವೆಂದು ತಿಳಿದು, ಸಾಯಿರಾಳನ್ನು ದಾಟಿ, ಮೊಬೈಲು ಹಿಡಿದು ನಿಂತ ಚೇತನಕುಮಾರನನ್ನು ದಾಟಿ, ನೇರವಾಗಿ ಬಂದು ಶಿವಯೋಗೆಪ್ಪನ ಎದುರು ನಿಂತು ಅವನ ಕಿಸೆಗೆ ಮೂತಿ ಹಚ್ಚಿತು.

"ಕಾಕಾ," ಸಾಯಿರಾ ಮೆಲ್ಲಗೆ ಕೇಳಿದಳು. "ಈ ಗೂಳಿ ನಿಮಗ ಗುರುತು ಐತೇನ್ರಿ?"

ಇಲ್ಲ ಎನ್ನುವುದು ಬಾಯಿಯ ತುದಿಗೆ ಬಂದಿತ್ತು. ಆದರೆ ಕೈ ಆಗಲೇ ಕಿಸೆಯೊಳಗೆ ಹೋಗಿ ಬೆಲ್ಲವನ್ನು ಮುರಿಯುತ್ತಿತ್ತು. ತನ್ನ ಬಾಯಿಗೂ ಕೈಗೂ ನಡುವೆ ಇಷ್ಟು ದೂರವಿದೆಯೆಂದು ಅವನು ತಿಳಿದಿರಲಿಲ್ಲ. ಬುಸ್ಸೆಂದು ಉಸಿರು ತಾಗಿತು. ಬಿಸಿಯಾಗಿ, ಹುಲ್ಲಿನ ವಾಸನೆಯಿಂದ, ಯಾವ ಸಿಟ್ಟೂ ಇಲ್ಲದೆ. ಗೂಳಿ ಅವನ ಅಂಗೈಯನ್ನು ನೆಕ್ಕಿತು.

"ಗುರುತೈತಿ ತಂಗಿ," ಎಂದ ಶಿವಯೋಗೆಪ್ಪ. "ಅದಕ್ಕ ನಂದೂ ಗುರುತೈತಿ."

ಸಾಯಿರಾ ಬೆಳಗಿನ ಹಾಳೆಯನ್ನು ಮಡಚಿ ಒಳಗಿಟ್ಟು ಹೊಸದೊಂದು ಹಾಳೆ ತೆಗೆದಳು. ಮಾಲಕರು ಎಲ್ಲಿರುತ್ತಾರೆ ಎಂದು ಮಾತ್ರ ಕೇಳಿದಳು. ಶ್ರೀಶೈಲದಲ್ಲಿ ಎಂದು ಹಿಂದಿನಿಂದ ಯಾರೋ ಹೇಳಿದರು. ಅವಳು ನಗಲಿಲ್ಲ. ಮಾಲಕರು ಮುಂದೆ ಬಾರದಿದ್ದರೆ, ಯಾವಾಗಲೂ ತಿನ್ನಲು ಕೊಡುವವರನ್ನೇ ಮಾಲಕರೆಂದು ಬರೆಯಬೇಕು, ಕಂಪನಿಯ ರೂಲು ಹಾಗಿದೆ ಎಂದಳು. ಹಾಗಾದರೆ ಏನಾಯಿತು ಎಂದು ಚೇತನಕುಮಾರ ಗಾಬರಿಯಿಂದ ಕೇಳಿದ. "ಇವರ ದನಾ ಇವರ ಟ್ರೇಲರ್ ಕೆಡವಿದಂಗಾತ್ರಿ. ಕ್ಲೇಮು ಬರೂದಿಲ್ಲ," ಎಂದು ಅವಳು ತಾನೇ ತಪ್ಪು ಮಾಡಿದವಳಂತೆ ಹೇಳಿದಳು.

ಆಗ ಮಂದಿಯೊಳಗಿಂದ ಬಸಲಿಂಗಯ್ಯ ಮುಂದೆ ಬಂದ. ಅವನ ಮುಖ ಕೆಂಪಾಗಿತ್ತು. ಮಲ್ಲಯ್ಯನ ಬಸವಣ್ಣ ಒಬ್ಬ ಒಣದ್ರಾಕ್ಷಿ ವ್ಯಾಪಾರಿಯ ಸ್ವತ್ತು ಹೇಗಾದೀತು, ಅಜ್ಜ ಮುತ್ತಜ್ಜರ ಕಾಲದಿಂದ ಗುಡಿಯದು, ಇದನ್ನು ಒಪ್ಪುವವರಲ್ಲ ಎಂದ. ಸಾಯಿರಾ ಪೆನ್ನನ್ನು ಅವನ ಕಡೆ ಚಾಚಿದಳು. "ಹಂಗಾದ್ರ ಗುಡಿ ಪರವಾಗಿ ನೀವ ಸಹಿ ಮಾಡ್ರಿ ಅಯ್ನಾರ." ಬಸಲಿಂಗಯ್ಯ ಪೆನ್ನನ್ನು ನೋಡಿದ, ಆಕಾಶ ನೋಡಿದ. ಸಂಜೆಯ ಪೂಜೆಗೆ ಹೊತ್ತಾಗಿದೆಯೆಂದು ಗುಡಿಯ ಕಡೆಗೆ ನಡೆದ. ನಡೆಯುತ್ತ ಎರಡು ಸಲ ತಿರುಗಿ ನೋಡಿದ.

ಶಿವಯೋಗೆಪ್ಪ ಪೆನ್ನು ತೆಗೆದುಕೊಂಡ. ಗೂಳಿಯ ಮಾಲಕ ಎಂಬುದರ ಎದುರಿಗೆ ತನ್ನ ಹೆಸರನ್ನು ಬರೆಯುವಾಗ, ಇಷ್ಟು ದೊಡ್ಡ ಸುಳ್ಳನ್ನು ಇಷ್ಟು ನೆಮ್ಮದಿಯಿಂದ ಬರೆಯಬಹುದೇ ಎಂದು ಆಶ್ಚರ್ಯವಾಯಿತು. ಬೆಲ್ಲದ ಜಿಗಿ ಬೆರಳಿನಿಂದ ಹಾಳೆಗೆ ಹತ್ತಿತು. ಸಾಯಿರಾ ಅದನ್ನು ಒರೆಸದೆ ಹಾಗೆಯೇ ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಅಕ್ಕನಾಗಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೋದಳು. ಚೇತನಕುಮಾರನೊಳಗೆ ಏನೋ ಕೆಲಸ ನಡೆದಿತ್ತು. ಕೊನೆಗೆ ಹತ್ತಿರ ಬಂದು, ಈಗ ಕಾಗದದ ಮೇಲೆ ಮಾಲಕರು ನೀವೇ ಆದಿರಲ್ಲ, ಹಾಗಾದರೆ ಗೂಳಿಯ ಮೇಲೊಂದು ಪಾಲಿಸಿ ಮಾಡಿಸಬಹುದು, ಜಾನುವಾರಿನ ವಿಮೆಯಲ್ಲಿ ಬೇಕಾದಷ್ಟು ಒಳ್ಳೆಯವಿವೆ ಎಂದ. ಬಸವಣ್ಣ ಅವನ ಮೊಬೈಲನ್ನು ಮೂಸಿ ಬೇಡವೆಂದು ಮುಖ ತಿರುಗಿಸಿತು.

ಮಂದಿ ಚದುರಿದರು. ಶಿವಯೋಗೆಪ್ಪ ಟ್ರ್ಯಾಕ್ಟರನ್ನು ತಂದು ಟ್ರೇಲರಿಗೆ ಹೂಡಿದ. ಯಾಕೆಂದು ಅವನಿಗೇ ಗೊತ್ತಿರಲಿಲ್ಲ. ಅದು ಚರಂಡಿಯ ದಂಡೆಯಲ್ಲಿ ವಾಲಿ ನಿಂತದ್ದನ್ನು ನೋಡಲಾಗದೆ ಅಂಗಳಕ್ಕಾದರೂ ತರಬೇಕೆಂದು ಹೂಡಿರಬೇಕು. ಎಳೆದಾಗ ಅದು ಕುಂಟುತ್ತ ಬಂದಿತು. ಅಂಗಳದಲ್ಲಿ ನಿಲ್ಲಿಸಿ ಇಳಿದು ಹಿಂದೆ ಹೋದರೆ, ಅಕ್ಕನಾಗಮ್ಮ ಹಿಡಿಕೆ ಹಿಡಿದು ಗಿಡ್ಡ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುತ್ತಿದ್ದಳು. ಒಳಗೆ ಹೋಗಿ ಕಿಟಕಿಯ ಹತ್ತಿರ ಕುಳಿತಳು. ಬಸವಣ್ಣನ ಹಣೆ ಒಳಕ್ಕೆ ಉಬ್ಬಿಬಂದ ಜಾಗಕ್ಕೆ ಅವಳ ಬೆನ್ನು ಸರಿಯಾಗಿ ಆನಿಕೊಂಡಿತು.

"ಅಚ್ಚು ಬದಲಿ ಆಗೂದಿಲ್ಲ," ಎಂದ ಅವನು ಹೊರಗೆ ನಿಂತು. "ಹಾದಿ ತುಂಬ ಎಡಕ್ಕ ಎಳೀತೈತಿ."

"ನಾನೂ ಎಡಕ್ಕ ಎಳಿಯಾಕೀನರಿ. ಇಷ್ಟು ವರ್ಷ ನಡಸಿಕೊಂಡ ಬಂದೀರಲ್ಲ."

ಶಿವಯೋಗೆಪ್ಪ, ನಷ್ಟ ತಡೆಯಲು ಏನು ಕ್ರಮ ಕೈಗೊಂಡಿರಿ ಎಂಬ ಬೆಳಗಿನ ಪ್ರಶ್ನೆಗೆ ತಾನು ಕೊನೆಗೆ ಏನು ಬರೆದೆ ಎಂದು ನೆನಪಿಸಿಕೊಳ್ಳಲು ನೋಡಿದ. ಅದನ್ನು ಖಾಲಿ ಬಿಟ್ಟಿದ್ದ. ಅಕ್ಕನಾಗಮ್ಮ ಪರದೆ ಸರಿಸಿ ಹೊರಗೆ ನೋಡಿದಳು. ಬಸವಣ್ಣ ಅಂಗಳದ ನಡುವೆ ಮೆಲುಕು ಹಾಕುತ್ತ ಮಲಗಿತ್ತು.

"ಹೆಂಗೂ ಅದರ ಮಾಲಕನ ಮನಿಗೇ ಹೊಂಟೀವಿ," ಎಂದಳು. "ಈ ತಗ್ಗು ಒಂದಿಷ್ಟು ಅವಂಗ ತೋರಿಸಿಕೊಂಡ ಬರೂಣು."